ದಿಲ್ಲಿಯಿಂದ ಬಾರದ ಕಾಗದ

"ಅಯ್ಯಯ್ಯೋ... ಅಲ್ಲೇ ನಿಲ್ಲಿ! ಕಾಲು ಎತ್ತಬೇಡಿ!"

ಆ ಕೂಗಿಗೆ ವಾರಿಜಾ ಬೆಚ್ಚಿ ನಿಂತುಬಿಟ್ಟಳು.

ಕೋಣೆಯೊಳಗೆ ಬಂದು ಇನ್ನೂ ಅರ್ಧ ನಿಮಿಷ ಆಗಿರಲಿಲ್ಲ. ಗೋಡೆಯಗಲಕ್ಕೂ ತೂಗುಹಾಕಿದ್ದ ನಕ್ಷೆಯ ಅಂಚಿಗೆ ಅವಳ ಸೆರಗು ಸಿಕ್ಕಿಕೊಂಡು, ನಕ್ಷೆ ಮೊಳೆಯಿಂದ ಕಳಚಿ ದೊಪ್ಪನೆ ಬಿದ್ದಿತ್ತು. ಅದರ ಮೇಲೆ ಚುಚ್ಚಿದ್ದ ಕೆಂಪು ತಲೆಯ ಗುಂಡುಸೂಜಿಗಳೆಲ್ಲ ನೆಲದ ಮೇಲೆ ಚೆಲ್ಲಾಪಿಲ್ಲಿ!

"ನಾಲ್ಕು ತಿಂಗಳ ಕೆಲಸ ಕಣ್ರೀ! ಪೇಪರ್ ಓದಿ ಓದಿ, ಗಡಿಯ ಒಂದೊಂದೇ ಸೈನ್ಯದ ಠಾಣೆ ಹುಡುಕಿ ಗುರುತು ಮಾಡಿದ್ದೆ... ಎಲ್ಲಾ ಹೋಯ್ತು!"

ಕೂಗಾಡುತ್ತಿದ್ದವನು ಅನಂತರಾಮು. ಮೂವತ್ತೆರಡರ ಪ್ರಾಯ, ಕೆದರಿದ ತಲೆ, ಬೆರಳ ತುಂಬ ಮಸಿ.

ಕೆಳಗಿನಿಂದ ಮನೆಯ ಒಡತಿ ಅಕ್ಕಯಮ್ಮನ ದನಿ ಕೇಳಿಸಿತು. "ಏನ್ ಬಿತ್ತವ್ವಾ ಅದು? ನನ್ ಗೋಡೇನೇ ಕೆಡವ್ತಾವ್ರಾ?"

ವಾರಿಜಾಳಿಗೆ ಅಳು ಬರುವಂತಾಯಿತು. ಟೈಪಿಂಗ್ ಕೆಲಸ ಕೇಳಿಕೊಂಡು ಬಂದ ಮೊದಲ ದಿನವೇ ಹೀಗಾಗಬೇಕೇ! ಆದರೂ ಅವಳು ತಿರುಗಿ ಹೋಗಲಿಲ್ಲ. ಮೊಣಕಾಲೂರಿ ಕುಳಿತು ಒಂದೊಂದೇ ಸೂಜಿಯನ್ನು ಅಂಗೈಗೆ ಆರಿಸಿಕೊಳ್ಳತೊಡಗಿದಳು.

"ಸಾರ್... ಇದರಲ್ಲಿ ನೇಫಾ ಕಡೆಯದು, ಆ ಚೀನಾ ಗಡಿಯದು, ಯಾವುದು?"

"ಯಾಕ್ರೀ? ನಿಮಗೇನು ಗೊತ್ತು ನೇಫಾ?"

"ನನ್ನ ತಮ್ಮ ಅಲ್ಲಿದಾನೆ ಸಾರ್. ಸೈನ್ಯದಲ್ಲಿ ವೈರ್‌ಲೆಸ್ ಕೆಲಸ. ಬಿದ್ದಿರೋದ್ರಲ್ಲಿ ಅವನು ಯಾವನೋ ಅಂತ ನೋಡ್ತಿದ್ದೆ."

ಅನಂತರಾಮುವೂ ನೆಲಕ್ಕೆ ಕುಳಿತು ಒಂದು ಸೂಜಿ ಎತ್ತಿಕೊಂಡ. ತಗ್ಗಿದ ದನಿಯಲ್ಲಿ ಹೇಳಿದ.

"ತಪ್ಪಾಯ್ತು. ಇವು ನನಗೆ ಬರೀ ಸೂಜಿಗಳಾಗ್ಬಿಟ್ಟಿದ್ವು."

ಆ ಹೊತ್ತಿನಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಸರಿಯಾಗಿ ನೋಡಿರಲೂ ಇಲ್ಲ. ಆದರೆ ಆ ತಗ್ಗಿದ ದನಿ ವಾರಿಜಾಳ ಎದೆಯಲ್ಲಿ ಎಲ್ಲೋ ಹೋಗಿ ಕುಳಿತಿತು.

ಅದು ಸಾವಿರದ ಒಂಬೈನೂರ ಅರವತ್ತೊಂದರ ಜುಲೈ. ಜಯನಗರ ಇನ್ನೂ ಹಸಿ ಊರು. ರಸ್ತೆಗಳಿಗೆ ನಂಬರು ಬಂದಿತ್ತು, ಮರಗಳಿಗೆ ನೆರಳು ಬಂದಿರಲಿಲ್ಲ. ಕತ್ತಲಾದರೆ ಖಾಲಿ ಸೈಟುಗಳ ಕಡೆಯಿಂದ ನರಿಗಳು ಊಳಿಡುತ್ತಿದ್ದವು. ಎರಡನೇ ಬ್ಲಾಕಿನಲ್ಲಿ ಅಪ್ಪ ಕಟ್ಟಿಸಿ, ಕಟ್ಟಿಸಿದ ವರ್ಷವೇ ಕಣ್ಣು ಮುಚ್ಚಿದ ಪುಟ್ಟ ಮನೆಯಲ್ಲಿ ವಾರಿಜಾ, ಅವಳ ತಾಯಿ ಮೀನಾಕ್ಷಮ್ಮ ಇಬ್ಬರೇ. ತಮ್ಮ ಕಿಟ್ಟಿ ಗಡಿಯಲ್ಲಿ. ಇಪ್ಪತ್ನಾಲ್ಕರ ವಾರಿಜಾ ಬೆಳಗ್ಗೆ ಬಸವನಗುಡಿಯ ಟೈಪಿಂಗ್ ಶಾಲೆಯಲ್ಲಿ ಕಲಿಸುತ್ತಿದ್ದಳು, ಸಂಜೆಗೆ ಇನ್ನೊಂದು ಕೆಲಸ ಹುಡುಕುತ್ತಿದ್ದಳು.

ಸಿಕ್ಕಿದ್ದು ಈ ವಿಚಿತ್ರ ಕೆಲಸ!

ಅನಂತರಾಮು ತಲಘಟ್ಟಪುರದ ಶಾನುಭೋಗರ ಮಗ. ವಿದ್ಯಾರ್ಥಿವೇತನದ ಮೇಲೆ ಓದಿ, ದಿಲ್ಲಿಯ ಸರ್ಕಾರಿ ಕಚೇರಿಯೊಂದರಲ್ಲಿ ಎಂಟು ವರ್ಷ ಇದ್ದು ಬಂದವನು. ನೆರೆ ದೇಶಗಳ ಪತ್ರಿಕೆಗಳನ್ನು ಓದಿ, ಅವರು ಮುಂದೇನು ಮಾಡಬಹುದು ಎಂದು ಟಿಪ್ಪಣಿ ಬರೆದು ಮೇಲಿನವರಿಗೆ ಕೊಡುವುದು ಅವನ ಕೆಲಸವಾಗಿತ್ತು. ಉತ್ತರದ ಗಡಿಯ ಬಗ್ಗೆ ಅವನು ಬರೆದ ಅರವತ್ತು ಪುಟದ ಟಿಪ್ಪಣಿಯನ್ನು ಯಾರೂ ಬಿಚ್ಚಿ ನೋಡಲಿಲ್ಲ. ಬೇಸತ್ತು ರಾಜೀನಾಮೆ ಕೊಟ್ಟು ಬಂದ. ಅಕ್ಕಯಮ್ಮನ ಮನೆಯ ಮೇಲಿನ ಕೋಣೆ ಹಿಡಿದು, ಇಂಗ್ಲಿಷ್ ಪತ್ರಿಕೆಗೆ ವಾರಕ್ಕೊಂದು ಲೇಖನ ಬರೆಯುತ್ತ, ಅದೇ ಗಡಿಯ ಮೇಲೆ ಪುಸ್ತಕ ಬರೆಯಲು ಕುಳಿತಿದ್ದ.

ಪರದೇಶಗಳ ರಾಜಕೀಯ ಬರೆದು ಬದುಕುವುದು ಒಂದು ಉದ್ಯೋಗ ಎಂದರೆ ಆ ಬೀದಿಯಲ್ಲಿ ಯಾರೂ ನಂಬುತ್ತಿರಲಿಲ್ಲ.

"ಬೆಳಿಗ್ಗೆ ಪೇಪರ್ ಓದ್ತಾನೆ, ಮಧ್ಯಾಹ್ನ ಕತ್ತರಿಸ್ತಾನೆ, ಸಂಜೆ ಅಂಟಿಸ್ತಾನೆ. ಮೈದಾ ಅಂಟು ಬೇಯ್ಸಿಕೊಡೋಳು ನಾನು!" ಎಂದು ಅಕ್ಕಯಮ್ಮ ವಾರಿಜಾಳ ಹತ್ತಿರ ನಗುತ್ತಿದ್ದಳು. "ನಮ್ ರಾಗಿ ಹೊಲದ ಮ್ಯಾಲೇ ಈ ರೋಡು ಹೋಗೈತೆ ಕಣವ್ವಾ. ಆಗ ಈ ಮಾರಾಯ ಎಲ್ಲಿದ್ನೋ! ಇವಾಗ ಯಾರ್ದೋ ದೇಶದ ಹೊಲ ಯಾರು ಹೊಡ್ಕಂಡ್ರು ಅಂತ ತಲೆ ಕೆಡಿಸ್ಕಂತಾನೆ!"

ವಾರಿಜಾಳಿಗೆ ಮಾತ್ರ ಆ ಕೋಣೆ ದಿನದಿನಕ್ಕೂ ಹತ್ತಿರವಾಯಿತು.

ಅವನು ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ನಡೆದಾಡುತ್ತ ಹೇಳುತ್ತಿದ್ದ, ಅವಳು ಟೈಪ್ ಮಾಡುತ್ತಿದ್ದಳು. ಒಂದೇ ಪತ್ರಿಕೆಯಲ್ಲಿ ಬಂದ ಸುದ್ದಿಯನ್ನು ಅವನು ಬರೆಯುತ್ತಿರಲಿಲ್ಲ. ಮೂರು ಕಡೆ ಕಂಡ ಮೇಲೆಯೇ ಅದಕ್ಕೆ ಜಾಗ. ಬರೆದರೂ ಎಲ್ಲ ವಾಕ್ಯಕ್ಕೂ ಒಂದು ಬಾಲ... 'ಹೀಗಾಗುವ ಸಾಧ್ಯತೆ ಇದೆ', 'ಹಾಗೆಂದು ತೋರುತ್ತದೆ'.

"ಒಂದು ಸಾಲಲ್ಲಾದ್ರೂ ಹೌದು ಅಥವಾ ಇಲ್ಲ ಅಂತ ಹೇಳ್ತೀರಾ ಸಾರ್?" ಎಂದು ಅವಳು ಒಮ್ಮೆ ರೇಗಿಸಿದಳು.

"ಖಂಡಿತ ಅನ್ನೋನು ಜ್ಯೋತಿಷಿ ಕಣ್ರೀ. ನಾನು ಅಷ್ಟು ಧೈರ್ಯದೋನಲ್ಲ."

"ಕಾಫಿಗೆ ಸಕ್ಕರೆ ಸಾಕಾ ಅಂದ್ರೂ, ಸಾಕೆಂದು ತೋರುತ್ತದೆ ಅಂತೀರೇನೋ!"

ಅವನು ನಕ್ಕ. ಆ ನಗು ನೋಡಲು ಅವಳು ಮಾರನೆಯ ದಿನ ಇನ್ನೊಂದು ಮಾತು ಹುಡುಕಿಕೊಂಡು ಬಂದಳು. ಹೀಗೆ ಒಂದು ವರ್ಷ ಹೋಯಿತು. ಕಿಟ್ಟಿಯ ಕಾಗದ ಬಂದಾಗಲೆಲ್ಲ ಅವಳು ಅವನಿಗೆ ಓದಿ ಹೇಳುತ್ತಿದ್ದಳು. ಅವನು ನಕ್ಷೆಯ ಮುಂದೆ ನಿಂತು, "ನಿಮ್ಮ ತಮ್ಮ ಇಲ್ಲಿರಬಹುದು" ಎಂದು ಬೆರಳಿಡುತ್ತಿದ್ದ. ಒಂದು ಸಂಜೆ ಆ ಬೆರಳ ಪಕ್ಕದಲ್ಲೇ ಅವಳೂ ಬೆರಳಿಟ್ಟಳು. ಇಬ್ಬರೂ ತೆಗೆಯಲಿಲ್ಲ...

ಮಾತು ಮಾತ್ರ ಯಾರ ಬಾಯಿಂದಲೂ ಹೊರಡಲಿಲ್ಲ.

ಅರವತ್ತೆರಡರ ಬೇಸಿಗೆ ಕಳೆದ ಮೇಲೆ ಕಿಟ್ಟಿ ಕಾಮಾಲೆ ಹಿಡಿಸಿಕೊಂಡು ರಜೆಯ ಮೇಲೆ ಮನೆಗೆ ಬಂದ. ಎರಡು ತಿಂಗಳು ಮೀನಾಕ್ಷಮ್ಮ ಅವನಿಗೆ ಪಥ್ಯದ ಊಟ ಹಾಕಿ, ನೆಲನೆಲ್ಲಿ ಕಷಾಯ ಕುಡಿಸಿ ಎಬ್ಬಿಸಿದರು. ಎದ್ದ ಕೂಡಲೇ ಅವನ ಮೊದಲ ಕೆಲಸ ಅಕ್ಕನನ್ನು ಗೋಳು ಹೊಯ್ದುಕೊಳ್ಳುವುದು.

"ಅಕ್ಕಾ, ಆ ನಕ್ಷೆಯವರನ್ನ ಭಾವ ಅಂತ ಈಗ್ಲೇ ಕರೀಲೋ, ಮುಂದಿನ ರಜಕ್ಕೆ ಕರೀಲೋ?"

"ಬಾಯ್ಮುಚ್ಚೋ! ಅಮ್ಮ ಕೇಳಿಸ್ಕೋತಾಳೆ."

"ಅಮ್ಮ ಆಗ್ಲೇ ಕೇಳಿಸ್ಕೊಂಡು ಒಳಗೆ ನಗ್ತಿದಾಳೆ, ನೋಡು ಹೋಗು."

ಸೆಪ್ಟೆಂಬರ್ ಮುಗಿಯುತ್ತ ಬಂದಂತೆ ರಜೆಯೂ ಮುಗಿಯಿತು. ಡಾಕ್ಟರು ಕಿಟ್ಟಿಯ ಕಣ್ಣು ನೋಡಿ, "ಬೇಕಾದ್ರೆ ಇನ್ನೊಂದು ತಿಂಗಳಿಗೆ ಬರೆದುಕೊಡ್ತೀನಪ್ಪ" ಎಂದರು. ಮೀನಾಕ್ಷಮ್ಮನಿಗೆ ಅದೇ ಬೇಕಾಗಿತ್ತು. ಕಿಟ್ಟಿಗೆ ಬೇಕಾಗಿರಲಿಲ್ಲ. "ನನ್ನ ಕೆಲಸ ಇನ್ನೊಬ್ಬ ಮಾಡ್ತಿದಾನೆ ಅಕ್ಕ. ನಾನಿಲ್ಲಿ ಬಿದ್ಕೊಂಡಿರೋದು ಸರಿಯಾ? ಆದ್ರೆ ಅಮ್ಮ ಅಳ್ತಾಳೆ. ನೀನು ಹೇಳಿದ ಹಾಗೆ ಮಾಡ್ತೀನಿ."

ನೀನು ಹೇಳಿದ ಹಾಗೆ!

ಪತ್ರಿಕೆಗಳಲ್ಲಿ ಗಡಿಯ ಸುದ್ದಿ ದಿನವೂ ಬರುತ್ತಿತ್ತು. ವಾರಿಜಾ ಓಡಿದಳು. ಅಕ್ಕಯಮ್ಮನ ಮನೆಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ, ಏದುಸಿರು ಬಿಡುತ್ತ ಅವನ ಮುಂದೆ ನಿಂತಳು.

"ನಿಜ ಹೇಳಿ. ಯುದ್ಧ ಆಗತ್ತಾ? ಕಿಟ್ಟೀನ ಕಳಿಸ್ಲಾ, ಇಟ್ಕೊಳ್ಲಾ?"

ಅವನು ನಕ್ಷೆಯ ಕಡೆ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಅವಳ ಕಡೆ ತಿರುಗಿದ. ಅವಳ ಕಣ್ಣು ತುಂಬಿತ್ತು.

"ಏನೂ ಆಗಲ್ಲ. ಇನ್ನೇನು ಹಿಮ ಬೀಳೋ ಕಾಲ. ಈ ವರ್ಷ ಯುದ್ಧ ಇಲ್ಲ."

"ಖಂಡಿತಾನಾ?"

"ಖಂಡಿತ."

ಆ ಮನುಷ್ಯನ ಬಾಯಲ್ಲಿ ಆ ಮಾತು ಬಂದದ್ದು ಅದೇ ಮೊದಲು. ಸಮಾಧಾನದ ಭರದಲ್ಲಿ ವಾರಿಜಾ ಅದನ್ನು ಗಮನಿಸಲಿಲ್ಲ. ಮನೆಗೆ ಬಂದು ತಮ್ಮನ ಬೆನ್ನು ತಟ್ಟಿ, "ಹೋಗಿಬಾರೋ. ಏನೂ ಆಗಲ್ವಂತೆ" ಎಂದಳು.

ಕಿಟ್ಟಿ ಹೋದ. ಹತ್ತು ದಿನಕ್ಕೆ ಅನಂತರಾಮುವಿಗೆ ದಿಲ್ಲಿಯಿಂದ ಕರೆ ಬಂತು. ಮೂಲೆಗೆ ಹಾಕಿದ್ದ ಅವನ ಟಿಪ್ಪಣಿ ಈಗ ಯಾರಿಗೋ ನೆನಪಾಗಿತ್ತು. ಹೊರಡುವಾಗ ಅವನು ಮೆಟ್ಟಿಲ ಕೆಳಗೆ ನಿಂತು, ಅಕ್ಕಯಮ್ಮ ಒಳಗೆ ಹೋಗುವವರೆಗೂ ಕಾದು ಹೇಳಿದ.

"ಹದಿನೈದು ದಿನದಲ್ಲಿ ಬರ್ತೀನಿ. ಬಂದ ಮೇಲೆ ನಿಮ್ಮ ಹತ್ರ ಒಂದು ಮಾತು ಆಡೋದಿದೆ ವಾರಿಜಾ."

ಆ ಹದಿನೈದು ದಿನ ಮುಗಿಯುವ ಮೊದಲೇ ಯುದ್ಧ ಶುರುವಾಯಿತು.

ಬೀದಿಯ ಹೆಂಗಸರೆಲ್ಲ ಸೈನಿಕರಿಗೆ ಸ್ವೆಟರು ಹೆಣೆಯಲು ಕುಳಿತರು. ರೇಡಿಯೋ ಇದ್ದ ಮನೆಯ ಮುಂದೆ ಜನ ನಿಂತಿರುತ್ತಿದ್ದರು. ನವೆಂಬರಿನ ಒಂದು ಬೆಳಗ್ಗೆ ಅಂಚೆಯವರು ದಿಲ್ಲಿಯಿಂದ ಬಂದ ತಂತಿ ತಂದರು. ಗೇಟಿನ ಹತ್ತಿರವೇ ವಾರಿಜಾ ಒಡೆದು ಓದಿದಳು. ಇಂಗ್ಲಿಷಿನಲ್ಲಿ ಎರಡೇ ಸಾಲು. ಟೈಪ್ ಕಲಿಸುವವಳಿಗೆ ಆ ಎರಡು ಸಾಲಿನ ಒಂದಕ್ಷರವೂ ಮೊದಲು ಅರ್ಥವಾಗಲಿಲ್ಲ.

"ಏನೇ ಅದು? ಕಿಟ್ಟೀದಾ?" ಮೀನಾಕ್ಷಮ್ಮ ಹೊಸಿಲಲ್ಲಿ ನಿಂತು ಕೇಳಿದರು.

ವಾರಿಜಾ ತಿರುಗಿ ನೋಡಿದಳು. ಅಷ್ಟೇ. ತಾಯಿಗೆ ಗೊತ್ತಾಗಿಹೋಯಿತು.

ಸಾವಿನ ಸುದ್ದಿ ಹೊತ್ತು ಬಂದ ಕಾಗದ ಹೊಸಿಲು ದಾಟಬಾರದು. ಓದಿ ಹೊರಗೇ ಹರಿದುಹಾಕಬೇಕು, ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು... ಅವರ ಮನೆಗಳಲ್ಲಿ ಅದು ಹಿಂದಿನಿಂದ ನಡೆದುಬಂದದ್ದು. ಅಷ್ಟು ದುಃಖದಲ್ಲೂ ಮೀನಾಕ್ಷಮ್ಮ ತಂತಿಯನ್ನು ಕಸಿದು ಚೂರುಚೂರು ಮಾಡಿ ಚರಂಡಿಗೆ ಎಸೆದರು. ಆಮೇಲೆ ಗೇಟು ಹಿಡಿದುಕೊಂಡು ಕುಸಿದರು.

ಅಂದಿನಿಂದ ವಾರಿಜಾ ಕಾದಳು.

'ಅವರ ಒಂದು ಕಾಗದ ಬಂದೇ ಬರತ್ತೆ. ತಪ್ಪಾಯ್ತು ಅಂತ ಒಂದೇ ಸಾಲು... ಅಷ್ಟು ಸಾಕು ನನಗೆ.'

ನವೆಂಬರ್ ಹೋಯಿತು. ಯುಗಾದಿಯೂ ಹೋಯಿತು. ಒಂದು ಸಾಲೂ ಇಲ್ಲ! ಅನಂತರಾಮು ಮಾತ್ರ ಪತ್ರಿಕೆಗಳಲ್ಲಿ ಕಾಣುತ್ತಿದ್ದ. ದಿಲ್ಲಿಯ ಸಭೆಯಲ್ಲಿ ಮಾತಾಡಿದನಂತೆ, ಗಡಿಯ ವಿಷಯ ಬಲ್ಲವನಂತೆ. ಅರವತ್ನಾಲ್ಕರಲ್ಲಿ ಅವನ ಪುಸ್ತಕವೂ ಬಂತು. ಗಾಂಧಿ ಬಜಾರಿನ ಅಂಗಡಿಯ ಗಾಜಿನ ಹಿಂದೆ ಅದನ್ನು ಕಂಡ ಸಂಜೆ ವಾರಿಜಾ ಅಲ್ಲೇ ನಿಂತುಬಿಟ್ಟಳು. ಅದರ ಅರ್ಧದಷ್ಟು ಅವಳ ಬೆರಳುಗಳು ಟೈಪ್ ಮಾಡಿದ್ದು. ಕೊಂಡುಕೊಳ್ಳಲಿಲ್ಲ. ಮುಟ್ಟಲೂ ಇಲ್ಲ.

'ನನ್ನ ತಮ್ಮ ಸತ್ತ ಜಾಗದ ಮೇಲೆ ಪುಸ್ತಕ ಬರೆದು ದೊಡ್ಡ ಮನುಷ್ಯ ಆದ್ರಲ್ಲ! ನಮಗೆ ಒಂದು ಸಾಲು ಬರೆಯೋಕೆ ಮಸಿ ಇರಲಿಲ್ವಾ?'

ಸಿಟ್ಟಿನ ಕೆಳಗೆ ಇನ್ನೊಂದಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಕಿಟ್ಟಿಯ ಬೆನ್ನು ತಟ್ಟಿದ ಕೈ ಅವಳದು. 'ಹೋಗಿಬಾರೋ' ಎಂದ ಬಾಯಿ ಅವಳದು. ಅದಕ್ಕೇ ಬಂದ ಗಂಡುಗಳನ್ನೆಲ್ಲ ಬೇಡವೆಂದಳು. ತಾಯಿ ಒತ್ತಾಯಿಸಲಿಲ್ಲ. ಒಂದೇ ಮನೆಯಲ್ಲಿ ಇಬ್ಬರೂ ಬೇರೆ ಬೇರೆಯಾಗಿ ಅಳುತ್ತಿದ್ದರು.

ಒಂದು ವಿಷಯ ಮಾತ್ರ ಆ ಮೊದಲ ವರ್ಷ ವಾರಿಜಾಳಿಗೆ ಸೋಜಿಗವೆನಿಸಿತ್ತು. ಕೆಲವು ಸಂಜೆ ಅವಳು ಕೆಲಸದಿಂದ ಬಂದಾಗ ಅಮ್ಮನ ತಲೆ ಒದ್ದೆಯಾಗಿರುತ್ತಿತ್ತು. "ಹೊತ್ತಲ್ಲದ ಹೊತ್ತಲ್ಲಿ ಏನಮ್ಮ ಸ್ನಾನ?" ಎಂದರೆ, "ಸೆಕೆ ಕಣೇ" ಎಂದು ಮುಖ ತಿರುಗಿಸುತ್ತಿದ್ದರು. ಡಿಸೆಂಬರಿನಲ್ಲಿ ಸೆಕೆ! ಮಗ ಹೋದ ಸಂಕಟಕ್ಕೆ ಏನೇನೋ ಆಡುತ್ತಾಳೆ ಎಂದು ವಾರಿಜಾ ಸುಮ್ಮನಾಗಿದ್ದಳು.

ಮೂರು ವರ್ಷ ಉರುಳಿತು. ಅರವತ್ತೈದರ ಅಕ್ಟೋಬರಿನಲ್ಲಿ ಒಂದು ಭಾನುವಾರ ಅಂಚೆಯ ಚನ್ನಬಸವಯ್ಯನವರು ಬಂದರು. ಕೈಯಲ್ಲಿ ಚೀಲ ಇರಲಿಲ್ಲ.

"ನಾಡಿದ್ದಿಗೆ ರಿಟೈರ್ ಆಗ್ತೀನಿ ತಾಯಿ. ಇಷ್ಟು ವರ್ಷ ಬಂದ ಮನೆಗಳು, ಹೇಳಿ ಹೋಗಾಣ ಅಂತ..."

ವಾರಿಜಾ ಕುರ್ಚಿ ಹಾಕಿದಳು, ಕಾಫಿ ತಂದುಕೊಟ್ಟಳು. ಮುದುಕ ಊದಿಕೊಂಡು ಕುಡಿಯುತ್ತ ಹೇಳಿದರು, "ನಿಮ್ಮ ಮನೆ ಅಂದ್ರೆ ಆ ತಂತಿ ತಂದ ಪಾಪಿ ನಾನೇ ಅಲ್ವಾ ಅಂತ ಸಂಕಟ ಆಗತ್ತಮ್ಮ. ಆಮೇಲೆ ದಿಲ್ಲಿಯಿಂದ ಒಂದಾದ ಮೇಲೊಂದು ಕಾಗದ ಬಂತಲ್ಲ. ಪಾಪ, ಯಾರೋ ಕಷ್ಟಸುಖ ವಿಚಾರಿಸೋರು ಇದಾರೆ ಅಂತ ಸಮಾಧಾನ ಮಾಡ್ಕೊಂಡೆ."

"ದಿಲ್ಲಿಯಿಂದ... ಕಾಗದವಾ? ನಮಗಾ?"

"ನಿಮ್ಮ ಹೆಸರಿಗೇ ತಾಯಿ. ಮಧ್ಯಾಹ್ನದ ಟಪಾಲಲ್ಲಿ ಬರ್ತಿತ್ತು. ಅಮ್ಮನೋರ ಕೈಗೇ ಕೊಡ್ತಿದ್ದೆ."

ಅಡುಗೆಮನೆಯ ಬಾಗಿಲಲ್ಲಿ ಮೀನಾಕ್ಷಮ್ಮ ನಿಂತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ. ಏನೋ ಎಡವಟ್ಟಾಯಿತೆಂದು ತಿಳಿದ ಚನ್ನಬಸವಯ್ಯ ಅರ್ಧ ಕಾಫಿ ಬಿಟ್ಟು ಎದ್ದು ಹೋದರು.

"ಅಮ್ಮಾ?"

"ಅಮ್ಮ, ಎಲ್ಲಿ ಆ ಕಾಗದ?"

ಮೀನಾಕ್ಷಮ್ಮ ನೆಲಕ್ಕೆ ಕುಳಿತರು. "ಹರಿದೆ."

"ಹರಿದ್ಯಾ?!"

"ಗೇಟಿನ ಹತ್ರಾನೇ. ಒಡೀಲಿಲ್ಲ, ಓದಲಿಲ್ಲ. ಆ ತಂತಿ ಬಂದ ಮೇಲೆ ದಿಲ್ಲಿ ಮುದ್ರೆ ಕಂಡ್ರೆ ನನ್ನ ಕೈಕಾಲೆಲ್ಲ ತಣ್ಣಗಾಗೋದು. ಇನ್ನೇನು ಕೆಟ್ಟ ಸುದ್ದಿಯೋ, ಉಳಿದಿರೋಳು ನೀನೊಬ್ಬಳು... ಹರಿದು ಚರಂಡಿಗೆ ಹಾಕಿ ತಲೆಗೆ ನೀರು ಹಾಕ್ಕೋತಿದ್ದೆ."

ಆ ಒದ್ದೆ ತಲೆ! ವಾರಿಜಾ ತಾಯಿಯ ಎದುರಿಗೆ ಕುಳಿತಳು. "ಯಾರದು ಅಂತಾನೂ ನೋಡ್ಲಿಲ್ವಾ ಅಮ್ಮ?"

ತಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದರು.

"ಮೊದಲೆರಡು ಗೊತ್ತಾಗಲಿಲ್ಲ. ಮೂರನೇದು ಬಂದಾಗ ಹಿಂದುಗಡೆ ಬರೆದಿದ್ದ ಹೆಸರು ಓದಿದೆ. ಗೊತ್ತಾಯ್ತು. ಗೊತ್ತಾಗಿಯೂ ಹರಿದೆ. ಅವರ ಮಾತು ಕೇಳಿ ತಾನೇ ನೀನು ನನ್ನ ಮಗನ್ನ ಕಳಿಸಿದ್ದು? ನಿನ್ನ ಬೈಯೋಕೆ ಮನಸ್ಸು ಬರಲಿಲ್ಲ ಕಣೇ... ಅದಕ್ಕೆ ಆ ಕಾಗದ ಹರಿದೆ."

ಮೂರು ವರ್ಷ ವಾರಿಜಾ ಹೆದರಿದ್ದು ಈ ಮಾತಿಗೇ. ಅದು ಇಂದು ಹೊರಗೆ ಬಂದಿತ್ತು. ಆಶ್ಚರ್ಯವೆಂದರೆ ಅವಳು ಸಾಯಲಿಲ್ಲ. ತಾಯಿಯ ಮಡಿಲಿಗೆ ಬಿದ್ದು, ತಂತಿ ಬಂದ ದಿನ ಅಳದ ಅಳುವನ್ನೆಲ್ಲ ಅತ್ತಳು.

"ನಾನೇ ಕಳಿಸಿದೆ ಅಮ್ಮ... ನಾನೇ..."

"ಹೋಗೋನು ಅವನು. ಡಾಕ್ಟರ ಚೀಟಿ ಇದ್ರೂ ಎಷ್ಟು ದಿನ ಇರ್ತಿದ್ದ ಹೇಳು? ನನಗೂ ಗೊತ್ತು. ಆದ್ರೆ ಸಿಟ್ಟಿಗೆ ಒಂದು ಜಾಗ ಬೇಕಿತ್ತು." ಮೀನಾಕ್ಷಮ್ಮ ಮಗಳ ತಲೆ ಸವರಿದರು. "ಒಂದು ಮಗೂನ ಗಡೀಲಿ ಕಳಕೊಂಡೆ. ಇನ್ನೊಂದನ್ನ ಮನೇಲೇ ಇಟ್ಕೊಂಡು ಕಳಕೊಂಡೆ. ನೀನು ನಕ್ಕಿದ್ದು ನೋಡಿ ಮೂರು ವರ್ಷ ಆಯ್ತು. ಹೋಗು, ಎಲ್ಲಿದಾರೋ ಹುಡುಕು. ಹರಿದಿದ್ದನ್ನ ಅಂಟಿಸೋಕೆ ನನ್ನ ಕೈಲಾಗಲ್ಲ. ಅವರ ಬಾಯಿಂದಾನೇ ಕೇಳು."

ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಅಕ್ಕಯಮ್ಮ ಅವಳನ್ನು ಕಂಡವಳೇ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಇವಾಗ ಬಂದ್ಯಾ ಮಾರಾಯ್ತಿ! ಆವಯ್ಯ ದಿಲ್ಲಿ ಬಿಟ್ಟು ವರ್ಷ ಆಯ್ತು. ತಲಘಟ್ಟಪುರದಾಗೆ ಅವನ ಅಕ್ಕನ ಮನ್ಯಾಗವ್ನೆ. ಅಲ್ಲೇ ಸ್ಕೂಲಲ್ಲಿ ಪಾಠ ಹೇಳ್ತಾನಂತೆ. ಬರ್ಯೋದೆಲ್ಲ ಬಿಟ್ಟವ್ನಂತೆ. ಮೊನ್ನೆ ಸಂತ್ಯಾಗೆ ಸಿಕ್ಕಿದ್ದ, ನಿನ್ ಹೆಸರು ಎತ್ತಿದ್ದಕ್ಕೆ ಕಣ್ಣೀರು ಹಾಕ್ಬಿಟ್ಟ! ಅಷ್ಟೊಂದು ದೇಶದ ವಿಷ್ಯ ಗೊತ್ತಿರೋನಿಗೆ ಒಂದ್ ಹುಡುಗಿ ಮನೆ ಬಾಗ್ಲು ತಟ್ಟಾಕ್ ಗೊತ್ತಾಗ್ಲಿಲ್ಲ!"

ಮುಂದಿನ ಭಾನುವಾರ ವಾರಿಜಾ ಕನಕಪುರದ ಬಸ್ಸು ಹತ್ತಿದಳು. ಬನಶಂಕರಿ ದಾಟಿದರೆ ಆಚೆಗೆಲ್ಲ ಹೊಲ. ರಾಗಿ ತೆನೆ ಬಾಗಿತ್ತು. ತಲಘಟ್ಟಪುರದಲ್ಲಿ ಇಳಿದು ಕೇಳಿದ ಮೊದಲ ಮನುಷ್ಯನೇ ದಾರಿ ತೋರಿಸಿದ. "ಮೇಷ್ಟ್ರಾ? ಕೆರೆ ಏರಿ ಮೇಲೆ ಕೂತಿರ್ತಾರೆ ನೋಡಿ."

ಅವನು ಅಲ್ಲಿದ್ದ. ಮೂವತ್ತಾರಕ್ಕೇ ಕಿವಿಯ ಪಕ್ಕದ ಕೂದಲು ಬೆಳ್ಳಗಾಗಿತ್ತು. ಅವಳನ್ನು ಕಂಡು ಎದ್ದ, ಎದ್ದವನು ಏನು ಮಾಡಬೇಕೆಂದು ತಿಳಿಯದೆ ಮತ್ತೆ ಕುಳಿತ.

"ವಾರಿಜಾ... ಬೈಯೋಕೆ ಬಂದ್ರಾ? ಬೈರಿ. ಅದಕ್ಕೇ ಕಾಯ್ತಿದ್ದೆ."

"ಕಾಗದ ಒಂದೂ ಸಿಗಲಿಲ್ಲ ನನಗೆ." ನಡೆದದ್ದನ್ನೆಲ್ಲ ಹೇಳಿದಳು. ಗೇಟು, ದಿಲ್ಲಿಯ ಮುದ್ರೆ, ಅಮ್ಮನ ಒದ್ದೆ ತಲೆ, ಮೂರನೆಯ ಕಾಗದದ ಹಿಂದಿನ ಹೆಸರು... ಏನನ್ನೂ ಮುಚ್ಚಿಡಲಿಲ್ಲ.

ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ಉತ್ತರ ಬರದೇ ಇದ್ದದ್ದಕ್ಕೆ ನಾನು ಅರ್ಥ ಕಟ್ಟಿಕೊಂಡೆ ವಾರಿಜಾ. ನನ್ನ ಕೆಲಸವೇ ಅದಲ್ವಾ? ಒಂದು ದೇಶ ಉತ್ತರ ಕೊಡ್ಲಿಲ್ಲ ಅಂದ್ರೆ ಸಿಟ್ಟಾಗಿದೆ ಅಂತ ಬರೀತಿದ್ದೆ. ನಿಮ್ಮ ಬೀದಿ ತುದಿವರೆಗೂ ಒಂದ್ಸಲ ಬಂದೆ. ನಿಮ್ಮಮ್ಮ ನನ್ನ ನೋಡಿ ಬಾಗಿಲು ಹಾಕ್ಕೊಂಡ್ರು. ಅಲ್ಲಿಗೆ ಲೆಕ್ಕಾಚಾರ ಸರಿಹೋಯ್ತು ಅಂದ್ಕೊಂಡು ವಾಪಸ್ ಬಂದೆ. ಒಂದು ಬಾಗಿಲು ತಟ್ಟಿ ಕೇಳಿದ್ದಿದ್ರೆ..."

"ಎಷ್ಟು ಕಾಗದ ಬರೆದ್ರಿ?"

"ಆರು."

"ಹೇಳಿ. ಒಂದೊಂದಾಗಿ ಹೇಳಿ. ನಾನು ಕೇಳ್ಬೇಕು."

ಕೆರೆಯ ನೀರು ನೋಡುತ್ತ ಅವನು ಹೇಳತೊಡಗಿದ.

"ಮೊದಲನೇದರಲ್ಲಿ ಕಿಟ್ಟಿ ಬಗ್ಗೆ. ಅವನ ಜೊತೆಗಿದ್ದೋನೊಬ್ಬ ದಿಲ್ಲಿ ಆಸ್ಪತ್ರೆಗೆ ಬಂದಿದ್ದ, ಹೋಗಿ ಭೇಟಿಯಾಗಿದ್ದೆ. ಕೊನೇವರೆಗೂ ವೈರ್‌ಲೆಸ್ ಬಿಟ್ಟು ಕದಲಲಿಲ್ವಂತೆ. ಬೇರೆಯವರು ಹಿಂದೆ ಸರಿಯೋಕೆ ದಾರಿ ಹೇಳ್ತಾ ಹೇಳ್ತಾನೇ... ನೋವು ತಿನ್ನಲಿಲ್ವಂತೆ. ಅಷ್ಟು ಅಮ್ಮನಿಗೆ ಹೇಳಿ ಅಂತ ಬರೆದಿದ್ದೆ."

ವಾರಿಜಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮೂರು ವರ್ಷದಿಂದ ಅಮ್ಮ ಕೇಳುತ್ತಿದ್ದ ಪ್ರಶ್ನೆ ಅದೊಂದೇ. 'ನೋವು ತಿಂದನೇನೇ?' ಉತ್ತರ ಗೇಟಿನವರೆಗೂ ಬಂದಿತ್ತು!

"ಎರಡನೇದು?"

"ತಪ್ಪೊಪ್ಪಿಗೆ." ಅವನು ಏರಿಯ ಕಲ್ಲೊಂದನ್ನು ಕೈಗೆತ್ತಿಕೊಂಡ. "ಅವತ್ತು ನೀವು ಓಡಿ ಬಂದಾಗ ನನಗೆ ಅನುಮಾನ ಇತ್ತು. ಯುದ್ಧ ಆಗಬಹುದು ಅಂತ ಆ ವಾರದ ಪೇಪರ್‌ಗಳೇ ಹೇಳ್ತಿದ್ವು. ಯಾರಿಗೇ ಬರೆದಿದ್ರೂ 'ಸಾಧ್ಯತೆ ಇದೆ' ಅಂತ ಬರೀತಿದ್ದೆ. ನಿಮ್ಮ ಮುಖ ನೋಡಿದೆ... ಅಳ್ತಿದ್ರಿ. ಆ ಅಳು ನಿಲ್ಲಿಸ್ಬೇಕು ಅಂತ ಒಂದೇ ಮನಸ್ಸು. ಖಂಡಿತ ಅಂದ್ಬಿಟ್ಟೆ. ಓದಿ ಲೆಕ್ಕ ಹಾಕಿ ತಪ್ಪಿದ್ದಲ್ಲ ವಾರಿಜಾ. ನಿಮ್ಮ ಮೇಲಿನ ಆಸೆಗೆ ಸುಳ್ಳು ಹೇಳಿದೆ. ಅದಕ್ಕೆ ನಿಮ್ಮ ತಮ್ಮ ಹೋದ. ಅದಾದ ಮೇಲೆ ಯಾವ ದೇಶದ ಬಗ್ಗೆ ಬರೆಯೋಕೂ ನನಗೆ ಯೋಗ್ಯತೆ ಇಲ್ಲ ಅನ್ನಿಸ್ತು. ಆ ಪುಸ್ತಕ ಒಂದನ್ನ ಮುಗಿಸಿ ಬಿಟ್ಟೆ."

ಗಾಳಿ ಬೀಸಿತು. ವಾರಿಜಾ ಕೆರೆಯ ಕಡೆ ತಿರುಗಿದಳು. ಒಳಗೆ ಏನೋ ಸುಟ್ಟುಹೋಗುತ್ತಿತ್ತು. ಸಿಟ್ಟೋ, ಕರುಣೆಯೋ, ಎರಡೂ ಸೇರಿದ್ದೋ... ಇವನು ಅಂದು 'ಗೊತ್ತಿಲ್ಲ' ಎಂದಿದ್ದರೆ? ಅವಳೇ ತಾನೇ ಒತ್ತಿ ಒತ್ತಿ ಕೇಳಿದ್ದು, ಒಂದು ಮಾತು ಕೊಡಿ ಎಂದು? ಅವನು ಹೇಳಬಾರದಿತ್ತು. ಅವಳು ಕೇಳಬಾರದಿತ್ತು. ಇಬ್ಬರಿಂದಲೂ ಹಾಗೆ ಮಾಡಿಸಿದ್ದು ಪ್ರೀತಿಯೇ.

"ಆ ಮಾತು ಮನೆಗೆ ತಗೊಂಡು ಹೋದೋಳು ನಾನು," ಎಂದಳು ಕೊನೆಗೆ. "ಹೋಗಿಬಾರೋ ಅಂತ ಬೆನ್ನು ತಟ್ಟಿದೆ. ಇಷ್ಟು ದಿನ ಒಬ್ಬಳೇ ಹೊತ್ತಿದ್ದೆ."

"ನಾನೂ."

"ನಿಮ್ಮನ್ನ ಕ್ಷಮಿಸೋಕೆ ನನಗೆ ಗೊತ್ತಿಲ್ಲ. ನನ್ನನ್ನ ನಾನೇ ಕ್ಷಮಿಸಿಲ್ಲ. ಆದ್ರೆ... ಒಬ್ಬೊಬ್ಬರೇ ಹೊತ್ತು ಸಾಕಾಯ್ತು."

ಅವನು ತಲೆಯೆತ್ತಿ ನೋಡಿದ. ಕಣ್ಣೀರು ಒರೆಸಿಕೊಳ್ಳುವುದನ್ನೂ ಮರೆತಿದ್ದ.

"ಮೂರು, ನಾಲ್ಕು, ಐದು?" ಎಂದಳು ಅವಳು.

"ಎಲ್ಲಾ ಒಂದೇ. ಒಂದು ಸಾಲು ಬರೀರಿ ಅಂತ ಬೇಡಿಕೊಂಡಿದ್ದು."

ಇತ್ತ ಇವಳು, ಅತ್ತ ಅವನು. ಇಬ್ಬರೂ ಬೇಡಿದ್ದು ಅದೇ ಒಂದು ಸಾಲನ್ನು!

"ಆರನೇದು?"

ಕೆರೆಯ ಆಚೆ ಯಾರೋ ಎಮ್ಮೆಗಳನ್ನು ನೀರಿಗಿಳಿಸುತ್ತಿದ್ದರು.

"ಅದರಲ್ಲಿ ಬರೆದಿದ್ದು... ನನ್ನ ಮುಖ ನೋಡೋಕೆ ನಿಮಗೆ ಮನಸ್ಸಿಲ್ಲದಿದ್ರೂ ಪರವಾಗಿಲ್ಲ. ನಾನು ಬೇರೆ ಯಾರನ್ನೂ ಮದುವೆ ಆಗಲ್ಲ. ಇಷ್ಟು ನಿಮಗೆ ಗೊತ್ತಿರಲಿ ಅಂತ."

ವಾರಿಜಾ ಅತ್ತಳು. ಈ ಸಲ ಅವನು ಅಳು ನಿಲ್ಲಿಸಲು ಏನನ್ನೂ ಹೇಳಲಿಲ್ಲ. ಸಮಾಧಾನದ ಮಾತು ಆಡಲಿಲ್ಲ. ಪಕ್ಕದಲ್ಲಿ ಕುಳಿತು, ಅವಳ ಅಳು ತಾನಾಗಿ ಮುಗಿಯುವವರೆಗೂ ಕಾದ. ಆಮೇಲೆ ಅವಳೇ ಕೈ ಚಾಚಿದಳು. ಅವನು ಹಿಡಿದುಕೊಂಡ.

ಬಸ್ಸಿನ ಹೊತ್ತಾಗಿತ್ತು. ಇಬ್ಬರೂ ಏರಿಯಿಂದ ಇಳಿದು ರಸ್ತೆಗೆ ಬಂದರು. ಅವನು ಹೆಜ್ಜೆ ನಿಧಾನ ಮಾಡಿದ.

"ನಿಮ್ಮಮ್ಮ ನನ್ನ ಒಳಗೆ ಬಿಟ್ಕೋತಾರಾ?"

"ಬೈತಾರೆ."

"ಬೈಸ್ಕೋತೀನಿ."

"ಆಮೇಲೆ ಅಳ್ತಾರೆ. ಕಿಟ್ಟಿ ಹೇಗೆ ಹೋದ ಅಂತ ಕೇಳ್ತಾರೆ."

"ಪಕ್ಕದಲ್ಲಿ ಕೂತು ಹೇಳ್ತೀನಿ. ಎಷ್ಟು ಸಲ ಕೇಳಿದ್ರೆ ಅಷ್ಟು ಸಲ."

ದೂರದಲ್ಲಿ ಬಸ್ಸಿನ ಧೂಳು ಕಾಣಿಸಿತು. ವಾರಿಜಾ ಅವನ ಕೈ ಬಿಡಲಿಲ್ಲ.

"ಕೊನೆಗೆ ಎಲೆ ಹಾಕ್ತಾರೆ," ಎಂದಳು. ಮೂರು ವರ್ಷದ ಮೇಲೆ ಅವಳ ತುಟಿಯಂಚಿಗೆ ನಗುವಿನಂಥದೊಂದು ಬಂದು ನಿಂತಿತು. "ಬೆಳಿಗ್ಗೆ ನಾನು ಹೊರಡೋವಾಗ್ಲೇ ಇನ್ನಿಬ್ಬರಿಗೆ ಅಂತ ಹೆಚ್ಚಾಗಿ ಅಕ್ಕಿ ಆರಿಸ್ತಿದ್ರು."

"ಇನ್ನಿಬ್ಬರಿಗಾ? ನಾನಲ್ದೆ ಇನ್ನ್ಯಾರು?"

"ನಮ್ಮ ಕಿಟ್ಟಿಗೆ. ಹಬ್ಬದ ದಿನ ಅವನ ಪಾಲೂ ಬೇಯಿಸ್ತಾರೆ ಅಮ್ಮ."

"ಇವತ್ತು ಹಬ್ಬವಾ?"

ಬಸ್ಸು ಬಂದು ನಿಂತಿತು. ಅವಳು ಮೊದಲು ಹತ್ತಿ, ಕಿಟಕಿಯ ಪಕ್ಕ ಅವನಿಗೆ ಜಾಗ ಬಿಟ್ಟು ಕುಳಿತಳು.

"ಬನ್ನಿ," ಎಂದಳು. "ಅಮ್ಮ ಕಾಯ್ತಿರ್ತಾರೆ."